ಚೌಕುಳಿ ಬಂಡಿಯ ಮನೆತನ

ಕೆನಡಾ ದೇಶದ ಪಶ್ಚಿಮ ಭಾಗದಲ್ಲಿ, ರಾಕಿ ಪರ್ವತಗಳ ಮಗ್ಗುಲಿಗೆ, ಆಲ್ಬರ್ಟಾ ಎಂಬ ಪ್ರಾಂತ್ಯವಿದೆ. ಅಲ್ಲಿನ ಕ್ಯಾಲ್ಗರಿ ನಗರದಲ್ಲಿ ಪ್ರತಿವರ್ಷ ಜುಲೈ ತಿಂಗಳಲ್ಲಿ ಹತ್ತು ದಿನ ನಡೆಯುವ ಜಾತ್ರೆಗೆ ‘ಸ್ಟ್ಯಾಂಪೀಡ್’ ಎಂದು ಹೆಸರು. ಬೆದರಿದ ದನದ ಹಿಂಡು ದಿಕ್ಕೆಟ್ಟು ಓಡುವುದನ್ನು ಆ ನಾಡಿನ ದನಗಾರರು ಹಾಗೆ ಕರೆಯುತ್ತಿದ್ದರು. ಈ ಜಾತ್ರೆಯ ಸಂಜೆಗಳಲ್ಲಿ ನಡೆಯುವ ಒಂದು ಪಂದ್ಯ ಜಗತ್ತಿನ ಬೇರೆಡೆ ಅಪರೂಪ. ಅಲ್ಲಿ ಓಡುವುದು ರಥವಲ್ಲ, ಸವಾರಿ ಗಾಡಿಯೂ ಅಲ್ಲ, ಅಡಿಗೆಯ ಬಂಡಿ.

ಅಡಿಗೆಯ ಬಂಡಿಗೆ ಓಟದ ಹುಚ್ಚೇಕೆ ಹಿಡಿಯಿತು ಎಂದು ಕೇಳುಗರಿಗೆ ಅಚ್ಚರಿಯಾಗಬಹುದು. 1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಳ ಒಡೆಯ, ಸೈನ್ಯವು ಬಿಟ್ಟ ಹಳೆಯ ಸಾಮಾನು ಬಂಡಿಯೊಂದನ್ನು ಕೊಂಡು, ಅದರ ಬೆನ್ನಿಗೆ ಖಾನೆಗಳುಳ್ಳ ಒಂದು ಪೆಟ್ಟಿಗೆಯನ್ನು ಕೂಡಿಸಿದ. ಹಿಟ್ಟು, ಹುರುಳಿ, ಕಾಫಿಪುಡಿ, ಔಷಧಿ ಎಲ್ಲಕ್ಕೂ ಅದರಲ್ಲಿ ಸ್ಥಳ. ಮುಚ್ಚಳವನ್ನು ಕೆಳಗಿಳಿಸಿದರೆ ಅದೇ ಮೇಜು. ದನಗಳನ್ನು ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುವ ಆಳುಗಳ ಹೊಟ್ಟೆ ಈ ಬಂಡಿಯನ್ನೇ ನಂಬಿತ್ತು. ಅವರ ಆಡುಮಾತಿನಲ್ಲಿ ‘ಚಕ್’ ಎಂದರೆ ತಿನಿಸು. ಹಾಗಾಗಿ ಅದು ‘ಚಕ್‌ವ್ಯಾಗನ್’ ಆಯಿತು. ಟೆಕ್ಸಾಸಿನಿಂದ ಉತ್ತರಕ್ಕೆ ದನಗಾರಿಕೆ ಹಬ್ಬಿದಂತೆ ಬಂಡಿಯೂ ಆಲ್ಬರ್ಟಾದ ಹುಲ್ಲುಗಾವಲಿಗೆ ಬಂದಿತು.

ಅದನ್ನು ಪಂದ್ಯಕ್ಕೆ ಹೂಡಿದವನು ಗೈ ವೀಡಿಕ್. ಹಗ್ಗದ ಕುಣಿಕೆಯ ಚಮತ್ಕಾರಗಳನ್ನು ರಂಗದ ಮೇಲೆ ತೋರಿಸಿ ಬದುಕುತ್ತಿದ್ದ ಈ ಅಮೆರಿಕನ್, ಮೊದಲ ಸ್ಟ್ಯಾಂಪೀಡನ್ನು 1912ರಲ್ಲಿ ನಡೆಸಿದ. ಅದಕ್ಕೆ ಒಂದು ಲಕ್ಷ ಡಾಲರುಗಳ ಭರವಸೆ ಕೊಟ್ಟವರು ಆ ನಾಡಿನ ನಾಲ್ವರು ಧನಿಕರು: ಬರ್ನ್ಸ್, ಲೇನ್, ಕ್ರಾಸ್ ಮತ್ತು ಮೆಕ್ಲೀನ್. ಅಂದರೆ ಈ ಜಾತ್ರೆಯ ತೊಟ್ಟಿಲನ್ನು ಮೊದಲು ತೂಗಿದ್ದೇ ಹಣವಂತರ ಕೈ. ಮುಂದಿನ ಕಥೆಗೆ ಈ ಮಾತನ್ನು ನೆನಪಿನಲ್ಲಿಡಬೇಕು. ಬಂಡಿಯ ಓಟ ಸೇರಿದ್ದು 1923ರಲ್ಲಿ. ಆಗ ದನಗಳ ದೊಡ್ಡ ತೋಟಗಳು ತಮ್ಮ ತಮ್ಮ ಬಂಡಿಗಳನ್ನೇ ಕಳುಹಿಸಿದವು. ಬಂಡಿಯವರು ತೋಟದ ಆಳುಗಳೇ. ನಿಯಮವೂ ಸೊಗಸಾಗಿತ್ತು. ಬಂಡಿ ಓಡಿ ಬಂದು ನಿಂತ ಮೇಲೆ ಕುದುರೆ ಬಿಚ್ಚಿ, ಮೇಲ್ಕಟ್ಟು ಹರಡಿ, ಒಲೆ ಹೊತ್ತಿಸಬೇಕು. ಯಾರ ಒಲೆಯಿಂದ ಮೊದಲು ಹೊಗೆ ಏಳುವುದೋ ಅವರೇ ಗೆದ್ದವರು. ಅಡಿಗೆಯವನ ಆಟ ಅಡಿಗೆಯಲ್ಲೇ ಮುಗಿಯುತ್ತಿತ್ತು. ಈಗ ಹೊಗೆಯಿಲ್ಲ. ಒಲೆ ಮಾತ್ರ ಒಂದು ಹುಸಿ ಡಬ್ಬಿಯಾಗಿ ಉಳಿದಿದೆ. ಓಟದ ಆರಂಭದಲ್ಲಿ ಅದನ್ನು ಬಂಡಿಯ ಹಿಂಬದಿಗೆ ಎಸೆಯಬೇಕು, ಬೀಡು ಕಿತ್ತ ನೆನಪಿಗಾಗಿ.

ಓಟದ ರೀತಿಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಬಂಡಿಗೆ ನಾಲ್ಕು ಕುದುರೆ: ಮುಂಜೋಡಿ, ಹಿಂಜೋಡಿ. ಭೋಂಕಾರದ ಸದ್ದಾದೊಡನೆ ಸಾರಥಿ ಎರಡು ಪೀಪಾಯಿಗಳನ್ನು ಇಂಗ್ಲಿಷಿನ ಎಂಟರ ಅಂಕಿಯಂತೆ ಬಳಸಿ ಬಂದು ಓಟದ ಹಾದಿಗೆ ನುಗ್ಗಬೇಕು. ಪೀಪಾಯಿ ಉರುಳಿದರೆ ಐದು ಸೆಕೆಂಡು ದಂಡ. ಬೆಂಗಾವಲು ಸವಾರರು ಡೇರೆಯ ಗೂಟ, ಒಲೆಗಳನ್ನು ಬಂಡಿಗೆಸೆದು, ತಮ್ಮ ಕುದುರೆಗಳ ಮೇಲೆ ನೆಗೆದು ಹಿಂಬಾಲಿಸಬೇಕು. ಬಹಳ ಹಿಂದುಳಿದರೆ ಅದಕ್ಕೂ ದಂಡ. ಎಲ್ಲ ಸೇರಿ ಸುಮಾರು ಒಂದೂಕಾಲು ನಿಮಿಷದ ವ್ಯವಹಾರ. ಜನ ಅದನ್ನು ‘ಅರ್ಧ ಮೈಲಿಯ ನರಕ’ ಎಂದು ಕರೆದರು.

ಇಷ್ಟು ಸಣ್ಣ ಅವಧಿಯ ಕಲೆಯನ್ನು ಕಲಿಯುವುದಕ್ಕೆ ಒಂದು ಜೀವಮಾನ ಸಾಲದು ಎಂದೋ ಏನೋ, ಅದು ಮನೆತನಗಳ ಪಾಲಾಯಿತು. ನಾಲ್ಕು ಕುದುರೆಗಳ ಲಗಾಮು ಎರಡು ಅಂಗೈಗಳಲ್ಲಿ ಹೇಗೆ ಕೂರಬೇಕು, ಯಾವ ಕುದುರೆಯನ್ನು ಯಾವುದರ ಜೊತೆಗೆ ಕಟ್ಟಬೇಕು ಎಂಬುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ಕೊಟ್ಟಿಗೆಯಲ್ಲೇ ಬೆಳೆಯಬೇಕು. ರೋಸ್‌ಬಡ್ ಎಂಬ ಊರಿನ ಡಿಕ್ ಕಾಸ್‌ಗ್ರೇವ್ ಕ್ಯಾಲ್ಗರಿಯ ಪ್ರಶಸ್ತಿಯನ್ನು ಹತ್ತು ಸಲ ಗೆದ್ದ. ಅವನ ಮಗ ಬಾಬ್ 1970ರ ದಶಕದಲ್ಲಿ ಅದೇ ಪ್ರಶಸ್ತಿ ಪಡೆದ. ಮೊಮ್ಮಗ ರಿಚರ್ಡನೂ ಲಗಾಮು ಹಿಡಿದ. ಡಾರ್ಚೆಸ್ಟರ್, ಬೆನ್ಸ್‌ಮಿಲ್ಲರ್ ಮನೆತನಗಳ ಕಥೆಯೂ ಇದೇ ಬಗೆಯದು. ತಂದೆಯ ದಾಖಲೆಯನ್ನು ಮಗನೇ ಮುರಿಯಬೇಕೆಂಬ ನಿಯಮವೇನಿಲ್ಲ. ಕಾಸ್‌ಗ್ರೇವನ ಹತ್ತನ್ನು ಹನ್ನೆರಡಾಗಿಸಿದವನು ಗ್ರ್ಯಾಂಡ್ ಪ್ರೇರಿಯ ಕೆಲ್ಲಿ ಸದರ್ಲೆಂಡ್. ಟೊಪ್ಪಿಗೆಯಲ್ಲಿ ಹದ್ದಿನ ಗರಿ ಸಿಕ್ಕಿಸಿಕೊಳ್ಳುತ್ತಿದ್ದ ಈತನ ಮೊದಲ ಗೆಲುವು 1974ರಲ್ಲಿ, ಹನ್ನೆರಡನೆಯದು 2012ರಲ್ಲಿ, ನಿವೃತ್ತನಾದದ್ದು 2017ರಲ್ಲಿ.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಗ್ಲಾಸ್ ಮನೆತನ. 1923ರ ಮೊದಲ ಪಂದ್ಯಗಳಲ್ಲಿ ಟಾಮ್ ಲಾಡರ್ ಎಂಬವನು ಭಾಗವಹಿಸಿದ್ದ. ಅವನ ಮಗಳು ಐರಿಸ್, ರಾನ್ ಗ್ಲಾಸ್ ಎಂಬ ಸಾರಥಿಯ ಕೈಹಿಡಿದಳು. ಅವರ ಮಗ ಟಾಮ್ ಗ್ಲಾಸ್ ಹೆಸರಾಂತ ಸಾರಥಿಯಾದ. ಟಾಮನ ಮಗ ಜೇಸನ್ 2013ರಲ್ಲಿ ಕ್ಯಾಲ್ಗರಿಯ ಪ್ರಶಸ್ತಿ ಗೆದ್ದ. ಪತ್ರಿಕೆಗಳು ಜೇಸನ್‌ನನ್ನು ‘ನಾಲ್ಕನೆಯ ತಲೆಮಾರು’ ಎಂದು ಕರೆಯುತ್ತವೆ. ಆ ಎಣಿಕೆ ಸರಿಹೋಗಬೇಕಾದರೆ ನಡುವಿನ ಕೊಂಡಿಯಾಗಿ ಒಬ್ಬ ಹೆಣ್ಣುಮಗಳು ನಿಲ್ಲಬೇಕು. ಆ ಕಾಲದಲ್ಲಿ ಲಗಾಮು ಹಿಡಿಯುತ್ತಿದ್ದವರು ಗಂಡಸರೇ. ಐರಿಸಳ ಹೆಸರು ಗೆದ್ದವರ ಪಟ್ಟಿಯಲ್ಲಿಲ್ಲ. ಆದರೂ ಲಾಡರನ ವಿದ್ಯೆ ಗ್ಲಾಸರ ಕೊಟ್ಟಿಗೆಗೆ ಬಂದದ್ದು ಅವಳ ಜೊತೆಗೆ. ವಂಶಾವಳಿಗಳನ್ನು ಬರೆಯುವವರು ಇಂಥ ಕಡೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ಈ ಮನೆತನ ತೆತ್ತ ಬೆಲೆಯೂ ಸಣ್ಣದಲ್ಲ. 1971ರ ಸ್ಟ್ಯಾಂಪೀಡಿನಲ್ಲಿ ಬೆಂಗಾವಲು ಸವಾರನಾಗಿದ್ದ ರಾಡ್ ಗ್ಲಾಸ್ ಅಪಘಾತದಲ್ಲಿ ಸತ್ತ. ಮರಳಿ ಲಗಾಮು ಹಿಡಿಯುವುದು ಹೇಗೆ ಸಾಧ್ಯವಾಯಿತೋ, ಮನೆಯವರು ಹಿಡಿದರು.

ಗ್ಲಾಸರ ಬಂಡಿಯನ್ನು ದೂರದಿಂದಲೇ ಗುರುತಿಸಬಹುದು. ಅದರ ಮರದ ಒಡಲಿಗೆ ಚದುರಂಗದ ಹಾಸಿನಂತೆ ಕಪ್ಪುಬಿಳುಪಿನ ಚೌಕುಳಿ ಬಣ್ಣ. ಅದು ಮನೆತನದ ಲಾಂಛನ. ಆದರೆ ಒಡಲಿನ ಮೇಲೆ, ಕಮಾನಿನಂತೆ ಬಾಗಿಸಿ ಬಿಗಿದ ಕ್ಯಾನ್‌ವಾಸ್ ಹೊದಿಕೆಯ ಮೇಲಿರುವ ಹೆಸರು ಗ್ಲಾಸರದಲ್ಲ. ಅದು ಒಂದು ತೈಲ ಕಂಪನಿಯದಿರಬಹುದು, ಮೋಟಾರು ವ್ಯಾಪಾರಿಯದಿರಬಹುದು, ಕಟ್ಟಡದ ಗುತ್ತಿಗೆದಾರನದಿರಬಹುದು. ಒಡಲು ಮನೆಯದು, ಹೊದಿಕೆ ಬಾಡಿಗೆಯದು. ಈ ಕ್ರೀಡೆಯ ಅರ್ಥಶಾಸ್ತ್ರವೆಲ್ಲ ಈ ಎರಡರ ನಡುವೆ ಅಡಗಿದೆ.

ಮೊದಲು ಹೊದಿಕೆಯ ಮೇಲೆ ತೋಟದ ಮುದ್ರೆಯೇ ಇರುತ್ತಿತ್ತು. ಬಂಡಿಯೂ ತೋಟದ್ದು, ಕುದುರೆಯೂ ತೋಟದ್ದು, ಖರ್ಚೂ ತೋಟದ್ದು. ಕ್ರಮೇಣ ಸಾರಥಿಗಳು ಸ್ವತಂತ್ರರಾದರು. ಸ್ವಾತಂತ್ರ್ಯದ ಜೊತೆಗೆ ಖರ್ಚೂ ಅವರ ತಲೆಗೇ ಬಂತು. 1940ರ ದಶಕದಿಂದ ವ್ಯಾಪಾರಿಗಳ ಹೆಸರು ಹೊದಿಕೆಯೇರಿತು. ಯಾರ ಬಂಡಿಗೆ ಯಾರ ಹೆಸರು ಎಂಬುದು ಬಹುಕಾಲ ಪರಿಚಯ, ದಾಕ್ಷಿಣ್ಯಗಳ ಮಾತಾಗಿತ್ತು. 1979ರಲ್ಲಿ ಸ್ಟ್ಯಾಂಪೀಡಿನವರು ಅದನ್ನು ಬಹಿರಂಗ ಹರಾಜಿಗಿಟ್ಟರು. ಒಬ್ಬೊಬ್ಬ ಸಾರಥಿಯ ಹೊದಿಕೆಯನ್ನೂ ಹೆಸರು ಕೂಗಿ ಹರಾಜು ಹಾಕುವುದು. ಹೆಚ್ಚು ಕೂಗಿದವನ ಹೆಸರು ಆ ಹತ್ತು ಸಂಜೆ ಬಂಡಿಯ ಮೇಲೆ. ಹಣದ ಬಹುಪಾಲು ಸಾರಥಿಗೆ. ವರ್ಷವಿಡೀ ಕುದುರೆಗಳ ಮೇವು, ಲಾಳ, ಪಶುವೈದ್ಯ, ಆಳುಗಳು, ಊರಿಂದೂರಿಗೆ ಸಾಗಿಸುವ ಲಾರಿ ಎಲ್ಲವೂ ನಡೆಯಬೇಕಾದದ್ದು ಮುಖ್ಯವಾಗಿ ಇದರಿಂದಲೇ. ಬಹುಮಾನದ ಹಣ ಗೆದ್ದವನಿಗಷ್ಟೇ. ಹರಾಜಿನ ಹಣ ಸೋತವನನ್ನೂ ಸಾಕುತ್ತದೆ. ಸಾಲದೆಂದು ಗ್ಲಾಸರು ಆಲ್ಬರ್ಟಾದಲ್ಲಿ ತೆಗೆಯುವ ಚಲಚ್ಚಿತ್ರಗಳಲ್ಲಿ ಸಾಹಸದೃಶ್ಯಗಳ ಕೆಲಸವನ್ನೂ ಮಾಡಿದರು.

ಕನ್ನಡ ಓದಿದವನಿಗೆ ಇಲ್ಲಿ ಪಂಪನ ನೆನಪಾಗದೆ ಇರದು. ಅರ್ಜುನನ ಕಥೆಯೊಳಗೆ ಅರಿಕೇಸರಿಯನ್ನು ಕೂರಿಸಿದ ಕವಿಗೆ ಧರ್ಮವುರವೆಂಬ ಅಗ್ರಹಾರ ಸಿಕ್ಕಿತು. ಆಶ್ರಯದಾತನಿಗೆ ಸಾವಿರ ವರ್ಷ ಬಾಳುವ ಹೆಸರು. ಕ್ಯಾಲ್ಗರಿಯ ಆಶ್ರಯದಾತ ಹತ್ತೇ ಸಂಜೆಗೆ ತೃಪ್ತ. ಮರುವರ್ಷ ಬೇರೊಬ್ಬ. ಯಾರದು ಲಾಭದ ವ್ಯಾಪಾರವೋ ನೀವೇ ನಿರ್ಧರಿಸಿ.

ಆ ಆಶ್ರಯದಾತನ ಕೈ ತೈಲದ ಬೆಲೆಯನ್ನು ಅವಲಂಬಿಸಿದೆ. ಜಾತ್ರೆಯ ಶತಮಾನೋತ್ಸವದ ವರ್ಷವಾದ 2012ರಲ್ಲಿ 36 ಸಾರಥಿಗಳ ಹರಾಜಿನ ಮೊತ್ತ 40 ಲಕ್ಷ ಡಾಲರುಗಳನ್ನು ಮೀರಿತು. ಅದೊಂದು ದಾಖಲೆ. 2014ರಿಂದ ತೈಲ ಕುಸಿಯಿತು. ಆಲ್ಬರ್ಟಾದ ಕಂಪನಿಗಳು ಕೈಬಿಗಿ ಹಿಡಿದವು. ಕೂಗುವ ದನಿಯೂ ತಗ್ಗಿತು. ಮರುಭೂಮಿಯ ಯಾವುದೋ ದೇಶದ ಎಣ್ಣೆಬಾವಿಯಲ್ಲಿ ನಡೆದುದರ ಫಲವನ್ನು ಆಲ್ಬರ್ಟಾದ ಹಳ್ಳಿಯೊಂದರ ಕುದುರೆ ತನ್ನ ಮೇವಿನ ತೊಟ್ಟಿಯಲ್ಲಿ ಕಂಡಿತು.

ಕುದುರೆಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡಬೇಕು. ಹಿಂದೆ ಬಂಡಿಗೆ ಕಟ್ಟುತ್ತಿದ್ದುದು ತೋಟದ ದುಡಿಯುವ ಕುದುರೆಗಳನ್ನು. ಈಗ ಕಟ್ಟುವುದು ಥರೋಬ್ರೆಡ್ ಜಾತಿಯವನ್ನು, ರೇಸ್‌ಕೋರ್ಸು ಬೇಡವೆಂದು ಬಿಟ್ಟವನ್ನು. ವೇಗ ಏರಿತು, ಅಪಾಯವೂ ಏರಿತು. ದಾಖಲೆ ಹರಾಜಿನ ಅದೇ 2012ರಲ್ಲಿ ಒಂದೇ ಅಪಘಾತದಲ್ಲಿ ಮೂರು ಕುದುರೆಗಳು ಸತ್ತವು. 2019ರಲ್ಲಿ ಸತ್ತವು ಆರು. ತಾವು ಕೊಳ್ಳದಿದ್ದರೆ ಇವು ಎಂದೋ ಕಟುಕನ ಪಾಲಾಗುತ್ತಿದ್ದವು ಎಂದು ಬಂಡಿಯ ಮನೆತನದವರು ಹೇಳುತ್ತಾರೆ. ಈ ವಾದ ಸುಳ್ಳಲ್ಲ. ಆದರೆ ಬದುಕಿಸಿದವನಿಗೆ ಅಪಾಯಕ್ಕೊಡ್ಡುವ ಅಧಿಕಾರವೂ ಬಂದುಬಿಡುತ್ತದೆಯೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಪ್ರಾಣಿದಯಾ ಸಂಘಗಳು ಈ ಪ್ರಶ್ನೆಯನ್ನು ಬಿಡದೆ ಕೇಳಿವೆ. ಅದು ಹೊದಿಕೆಯ ಒಡೆಯನ ಕಿವಿಗೂ ಬೀಳುತ್ತದೆ: ದೂರದರ್ಶನದ ಮುಂದೆ ಬಂಡಿ ಮಗುಚಿದರೆ ಅವನ ಹೆಸರೂ ಮಗುಚುತ್ತದೆ.

ಆದ್ದರಿಂದ ನಿಯಮಗಳು ಬಿಗಿಯಾದವು. 2011ರಲ್ಲಿ ಬೆಂಗಾವಲು ಸವಾರರನ್ನು ಬಂಡಿಗೆ ನಾಲ್ವರಿಂದ ಇಬ್ಬರಿಗೆ ಇಳಿಸಿದರು. ಹಾದಿಯಲ್ಲಿ ಕಾಲುಗಳು ಕಡಮೆಯಾದಷ್ಟೂ ಎಡವುವುದು ಕಡಮೆ. ಪ್ರತಿ ಕುದುರೆಯನ್ನೂ ಪಶುವೈದ್ಯರು ಪರೀಕ್ಷಿಸುವ ಏರ್ಪಾಡು ಬಲವಾಯಿತು. 2020ರಲ್ಲಿ ಕೋವಿಡ್ ಪಿಡುಗಿನಿಂದ ಜಾತ್ರೆಯೇ ನಿಂತಿತು. 2021ರಲ್ಲಿ ಜಾತ್ರೆ ನಡೆದರೂ ಬಂಡಿ ಓಡಲಿಲ್ಲ. 2022ರಲ್ಲಿ ಮರಳಿ ಬಂದಾಗ, ಒಂದೊಂದು ಓಟಕ್ಕೆ ನಾಲ್ಕು ಬಂಡಿಗಳ ಬದಲು ಮೂರು. ಕುದುರೆಗಳಿಗೆ ತುಸು ಹೆಚ್ಚು ಜಾಗ ದೊರೆಯಿತು. ಇದು ಮಾಡಬೇಕಾದ ಕೆಲಸವೇ ಎಂದು ನನಗೆ ತೋರುತ್ತದೆ. ಆದರೆ ನಾಲ್ಕು ಮೂರಾದಾಗ ಮೂವತ್ತಾರು ಸಾರಥಿಗಳೂ ಇಪ್ಪತ್ತೇಳಾದರು. ಒಂಬತ್ತು ಕೊಟ್ಟಿಗೆಗಳ ಕುದುರೆಗಳು ಆ ಬೇಸಿಗೆ ಕ್ಯಾಲ್ಗರಿಗೆ ಬರಲಿಲ್ಲ. ಒಂಬತ್ತು ಬಂಡಿಗಳ ಒಡಲು ಮನೆಯಲ್ಲೇ ಉಳಿಯಿತು, ಕ್ಯಾಲ್ಗರಿಯ ಹೊದಿಕೆಯಿಲ್ಲದೆ.