ಕಾಶಿಯಲ್ಲಿ ಬಂದ ಪ್ರಶಸ್ತಿ, ತುಮಕೂರಿನಲ್ಲಿ ಎದ್ದ ಪ್ರಶ್ನೆ



ಕಾಶಿ ಎಂದ ಕೂಡಲೇ ನಿಮಗೆ ನೆನಪಾಗುವುದು ಗಂಗೆ, ವಿಶ್ವನಾಥ, ಜಂಗಮವಾಡಿ ಮಠ. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿಕೊಳ್ಳಿ. 2023ರ ಮಾರ್ಚ್ 24ರಂದು ವಾರಾಣಸಿಯಲ್ಲಿ 'ಒನ್ ವರ್ಲ್ಡ್ ಟಿ.ಬಿ. ಸಮ್ಮಿಟ್' ನಡೆಯಿತು. ಕ್ಷಯ ನಿವಾರಣೆಯ ಕೆಲಸಕ್ಕಾಗಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಮಟ್ಟದಲ್ಲಿ ಅಲ್ಲಿ ಪ್ರಶಸ್ತಿ ಪಡೆದದ್ದು ಜಮ್ಮು-ಕಾಶ್ಮೀರ ಮತ್ತು ನಮ್ಮ ಕರ್ನಾಟಕ.

ಮಾರ್ಚ್ 24 ಯಾಕೆ ಅಂತೀರಾ? 1882ರಲ್ಲಿ ಅದೇ ದಿನ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್, ಕ್ಷಯಕ್ಕೆ ಕಾರಣವಾದ ಕ್ರಿಮಿಯನ್ನು ಕಂಡುಹಿಡಿದಿದ್ದೇನೆ ಎಂದು ಪ್ರಕಟಿಸಿದರು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಪರೀಕ್ಷೆ ಎಂದರೆ ಮುಖ್ಯವಾಗಿ ಒಂದೇ: ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹುಡುಕುವುದು.

ಈ ಕಥೆಯಲ್ಲಿ ನಮ್ಮ ನಾಡಿಗೂ ದೊಡ್ಡ ಪಾತ್ರವಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಮಾತನಾಡಿಸಿ, 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯ ಜನರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಪೇಟೆಯವರು ನಂಬಿದ್ದ ಕಾಲ ಅದು. ಅಧ್ಯಯನ ಹೇಳಿದ್ದೇ ಬೇರೆ. ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ವೈದ್ಯರ ಬಾಗಿಲು ತಟ್ಟಿದ್ದರು. ಅವರಲ್ಲಿ ಬಹಳಷ್ಟು ಜನರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ರೋಗಿ ಬಂದಿದ್ದ, ಪರೀಕ್ಷೆ ಬಂದಿರಲಿಲ್ಲ!

ಪರೀಕ್ಷೆ ಮಾಡಿದರೂ ತೊಡಕುಗಳಿದ್ದವು. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ಕ್ರಿಮಿಗಳಾದರೂ ಇದ್ದರೆ ಮಾತ್ರ ಸೂಕ್ಷ್ಮದರ್ಶಕಕ್ಕೆ ನಂಬಿಕೆಯಿಂದ ಸಿಗುತ್ತವೆ. ಸಿಕ್ಕ ಕ್ರಿಮಿ ಔಷಧಿಗೆ ಬಗ್ಗುತ್ತದೋ ಇಲ್ಲವೋ, ಅದು ನೋಟಕ್ಕೆ ತಿಳಿಯದು. ಅದಕ್ಕೆ ಪ್ರಯೋಗಾಲಯದಲ್ಲಿ ಕ್ರಿಮಿಯನ್ನು ಬೆಳೆಸಬೇಕು, ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ರೋಗಿ ತನಗೆ ನಾಟದ ಮಾತ್ರೆ ನುಂಗುತ್ತಾ, ಮನೆಮಂದಿಗೂ ರೋಗ ಹಂಚುತ್ತಿರಬಹುದು.

ದಾರಿ ತೆರೆದದ್ದು ಬೇರೆ ಕಡೆಯಿಂದ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್, ಡಿ.ಎನ್.ಎ.ಯ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿ.ಸಿ.ಆರ್. ವಿಧಾನವನ್ನು ರೂಪಿಸಿದರು. 1998ರಲ್ಲಿ ಕ್ಷಯದ ಕ್ರಿಮಿಯ ಪೂರ್ತಿ ಜೀನೋಮ್, ಅಂದರೆ ಸುಮಾರು 44 ಲಕ್ಷ ಅಕ್ಷರಗಳ ಅದರ ಜಾತಕ, ಪ್ರಕಟವಾಯಿತು. ಎರಡೂ ಕೂಡಿ ಬಂದ ಫಲ ಈಗಿನ ಅಣು ಪರೀಕ್ಷೆ. 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಎಕ್ಸ್‌ಪರ್ಟ್' ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಕಫದಲ್ಲಿ ಕ್ರಿಮಿಯ ಸಂಖ್ಯೆ ನೂರು ಚಿಲ್ಲರೆಯಷ್ಟಿದ್ದರೂ ಅದು ಹಿಡಿಯಬಲ್ಲದು. ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಕ್ರಿಮಿ ಜಗ್ಗುತ್ತದೋ ಇಲ್ಲವೋ ಎಂಬುದನ್ನೂ ಸುಮಾರು ಎರಡು ಗಂಟೆಯೊಳಗೆ ಹೇಳುತ್ತದೆ.

ಆದರೆ ಅದಕ್ಕೆ ಸರಿಯಾದ ಕರೆಂಟು ಬೇಕು, ತಂಪು ಕೋಣೆ ಬೇಕು. ಹಳ್ಳಿಗೆ ಇದು ಒಗ್ಗೀತೇ? ಉತ್ತರ ಮತ್ತೆ ಬೆಂಗಳೂರಿನಿಂದ ಬಂತು. ಇಲ್ಲಿನ ಬಿಗ್‌ಟೆಕ್ ಲ್ಯಾಬ್ಸ್ ಮತ್ತು ಗೋವಾದ ಮೋಲ್‌ಬಯೋ ಸೇರಿ ಬ್ಯಾಟರಿಯಲ್ಲಿ ನಡೆಯುವ ಪುಟ್ಟ 'ಟ್ರೂನ್ಯಾಟ್' ಯಂತ್ರ ತಯಾರಿಸಿದವು. 2020ರಲ್ಲಿ ಅದಕ್ಕೂ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು.

ಹಾಗೆಂದು ಹಳೆಯ ಸೂಕ್ಷ್ಮದರ್ಶಕ ಮೂಲೆಗೆ ಸೇರಿಲ್ಲ. ಅಣು ಪರೀಕ್ಷೆ ಸತ್ತ ಕ್ರಿಮಿಯ ಡಿ.ಎನ್.ಎ.ಯನ್ನೂ ಎಣಿಸಿಬಿಡುತ್ತದೆ. ಹಾಗಾಗಿ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಇಂದಿಗೂ ಹಳೆಯ ವಿಧಾನಗಳೇ ಬೇಕು.

2025ರೊಳಗೆ ಕ್ಷಯವನ್ನು ಕೊನೆಗಾಣಿಸುತ್ತೇವೆ ಎಂದು ದೇಶ ಗುರಿ ಇಟ್ಟುಕೊಂಡಿತ್ತು. ಆ ವರ್ಷ ಕಳೆದಿದೆ, ಕ್ಷಯ ಉಳಿದಿದೆ. ಎರಡು ವಾರ ದಾಟಿದ ಕೆಮ್ಮು ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಫ ಪರೀಕ್ಷೆ ಕೇಳಿ. ಅಲ್ಲಿ ಅದು ಉಚಿತ. ಬಾಟಲಿ ಕೊಟ್ಟು ಕಳಿಸಿದರೆ ಸುಮ್ಮನೆ ಬರಬೇಡಿ. ತುಮಕೂರಿನ ಆ ಜನರಿಗೆ ಕೇಳುವುದಕ್ಕೆ ಇಂಥ ಪರೀಕ್ಷೆ ಇರಲಿಲ್ಲ, ನಿಮಗಿದೆ.