1932ರ ಲಾರ್ಡ್ಸ್ ಮತ್ತು ಬೇರೆ ಇಟ್ಟ ಕಪ್ಪು-ಬಸಿ

ಧಾರವಾಡ ಬಿಟ್ಟು ನಾಸಿಕ್‌ಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಎರಡು ವರ್ಷ ಇದ್ದು ವಾಪಸ್ ಹೋಗುವುದೆಂದು ಬಂದವನು ನಾನು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ!

ನಮ್ಮ ಪಕ್ಕದ ಮನೆಯ ಕಾಕಾ ಎಂಬತ್ತು ದಾಟಿದವರು, ಕ್ರಿಕೆಟ್ ಎಂದರೆ ಜೀವ. ಮೊನ್ನೆ ಸಂಜೆ ಕಟ್ಟೆಯ ಮೇಲೆ ಕೂತಾಗ ಸುಮ್ಮನೆ ಕೆಣಕಿದರು. "ಅಣ್ಣಾ, ಟೆಸ್ಟ್‌ನಲ್ಲಿ ಭಾರತದ ಪರ ಮೊಟ್ಟಮೊದಲ ಚೆಂಡು ಎದುರಿಸಿದವನು ನಮ್ಮ ಪುಣೆ ಕಡೆಯ ಜನಾರ್ದನ ನವಲೆ. ಆ ತಂಡದಲ್ಲಿ ನಿಮ್ಮವರು ಯಾರಿದ್ದರು ಹೇಳಿ ನೋಡೋಣ." ಯಾರೂ ಇರಲಿಲ್ಲ. ಸೋತು ಒಳಗೆ ಬಂದೆ. ಆದರೆ ಅವರ ಪ್ರಶ್ನೆ ಬಿಡಲಿಲ್ಲ, ಆ ಪ್ರವಾಸದ ಕತೆಯನ್ನು ಮತ್ತೆ ಕೆದಕುತ್ತಾ ಕೂತೆ.

1932ರ ಏಪ್ರಿಲ್‌ನಲ್ಲಿ ನಮ್ಮ ತಂಡ ಮುಂಬಯಿಯಿಂದ 'ಸ್ಟ್ರಾತ್‌ನೇವರ್' ಹಡಗು ಹತ್ತಿತು. ಗಾಂಧೀಜಿ ಆಗ ಯೆರವಡಾ ಜೈಲಿನಲ್ಲಿ. ನಮ್ಮ ನಾಸಿಕ್ ರೋಡ್ ಜೈಲಿನಲ್ಲೂ ರಾಜಕೀಯ ಕೈದಿಗಳು. ನಾಯಕರು ಸೆರೆಯಲ್ಲಿರುವಾಗ ಇಂಗ್ಲೆಂಡಿಗೆ ಆಡಲು ಹೋಗುವುದಿಲ್ಲ ಎಂದು ವಿಜಯ್ ಮರ್ಚೆಂಟ್ ಹಿಂದೆ ಸರಿದರು. ಉಳಿದವರು ಹೋದರು. ಯಾರು ಸರಿ, ಯಾರು ತಪ್ಪು ಎಂದು ಇಂದು ಕಟ್ಟೆಯ ಮೇಲೆ ಕೂತು ತೀರ್ಪು ಕೊಡುವುದು ಸುಲಭ ಬಿಡಿ.

ತಂಡದ ನಾಯಕ ಪೋರಬಂದರಿನ ಮಹಾರಾಜ, ಉಪನಾಯಕ ಲಿಂಬ್ಡಿಯ ರಾಜಕುಮಾರ ಘನಶ್ಯಾಮಸಿಂಹಜಿ. ಆಟದಿಂದಲ್ಲ, ಹುಟ್ಟಿನಿಂದ ನಾಯಕರು. 1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗಲೂ ಪಟಿಯಾಲದ ಮಹಾರಾಜರೇ ನಾಯಕರು. ಹಿಂದೂ, ಮುಸ್ಲಿಂ, ಪಾರ್ಸಿ, ಸಿಖ್ ಆಟಗಾರರನ್ನು ಒಬ್ಬ ಸಾಮಾನ್ಯ ಮನುಷ್ಯ ಆಳಬಲ್ಲನೇ, ರಾಜರೇ ಬೇಕು ಎನ್ನುವುದು ಅಂದಿನ ವಾದ.

ಆದರೆ ಪೋರಬಂದರಿನ ಮಹಾರಾಜರನ್ನು ಮೆಚ್ಚಬೇಕು. ತಮ್ಮ ಆಟ ಎಷ್ಟರದ್ದೆಂದು ಅವರಿಗೆ ಗೊತ್ತಿತ್ತು, ಟೆಸ್ಟ್ ಬಂದಾಗ ಪಕ್ಕಕ್ಕೆ ಸರಿದರು. ರಾಜಕುಮಾರನಿಗೆ ಪೆಟ್ಟಾಗಿತ್ತು. ಹೀಗಾಗಿ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತವನ್ನು ಮುನ್ನಡೆಸಿದವರು ಸಿ.ಕೆ. ನಾಯ್ಡು. ತೆಲುಗು ಮನೆತನ, ಹುಟ್ಟಿದ್ದು ನಾಗಪುರ, ನೆಲೆಸಿದ್ದು ಇಂದೋರ್. ನನ್ನಂಥ ವಲಸೆಗಾರರ ಪೈಕಿ!

ಇಂಗ್ಲೆಂಡಿನ ಆರಂಭಿಕರು ಹೋಮ್ಸ್ ಮತ್ತು ಸಟ್‌ಕ್ಲಿಫ್. ಅದೇ ತಿಂಗಳು ಯಾರ್ಕ್‌ಶೈರ್ ಪರ ಮೊದಲ ವಿಕೆಟ್ಟಿಗೆ 555 ರನ್ ಸೇರಿಸಿದ್ದ ಜೋಡಿ. ಮೊಹಮ್ಮದ್ ನಿಸಾರ್ ಇಬ್ಬರನ್ನೂ ಬೌಲ್ಡ್ ಮಾಡಿದರು. ಕೌಲಾಲಂಪುರದಲ್ಲಿ ಹುಟ್ಟಿದ ಲಾಲ್ ಸಿಂಗ್ ವೂಲಿಯನ್ನು ರನೌಟ್ ಮಾಡಿದರು. ಇಂಗ್ಲೆಂಡ್ 3 ವಿಕೆಟ್ಟಿಗೆ 19! ಲಾರ್ಡ್ಸ್ ತಬ್ಬಿಬ್ಬಾಗಿರಬೇಕು. ಆಮೇಲೆ ಜಾರ್ಡಿನ್ ನಿಂತು ಆಡಿ 79 ಮತ್ತು ಔಟಾಗದೆ 85 ಹೊಡೆದರು. ನಾವು 189 ಮತ್ತು 187. ಕೈಗೆ ಪೆಟ್ಟಾಗಿದ್ದರೂ ನಾಯ್ಡು ಮೊದಲ ಇನಿಂಗ್ಸಿನಲ್ಲಿ ನಮ್ಮ ಪರ ಅತಿ ಹೆಚ್ಚು, 40 ರನ್ ಮಾಡಿದರು. ಎರಡನೆಯದರಲ್ಲಿ ಅಮರ್ ಸಿಂಗ್ 51, ಅದು ಟೆಸ್ಟ್‌ನಲ್ಲಿ ಭಾರತದ ಮೊದಲ ಅರ್ಧಶತಕ. ಸೋತದ್ದು 158 ರನ್ನುಗಳಿಂದ. ಆ ಹನ್ನೊಂದರಲ್ಲಿ ನಾಲ್ವರು ಹಿಂದೂ, ನಾಲ್ವರು ಮುಸ್ಲಿಂ, ಇಬ್ಬರು ಪಾರ್ಸಿ, ಒಬ್ಬ ಸಿಖ್. ರಾಜ ಒಬ್ಬನೂ ಇರಲಿಲ್ಲ. ಆಟವೇನೂ ನಿಂತುಹೋಗಲಿಲ್ಲವಲ್ಲ!

ಹಾಗಾದರೆ ಪಾಠ ಕಲಿತೆವೇ? 1936ರ ಪ್ರವಾಸಕ್ಕೆ ನಾಯ್ಡು ಇದ್ದೂ ನಾಯಕತ್ವ ಹೋದದ್ದು ವಿಜಯನಗರಂ ಮಹಾರಾಜಕುಮಾರನಿಗೆ. ಆತ ಆಟಗಾರ ಲಾಲಾ ಅಮರನಾಥರನ್ನು ಟೆಸ್ಟ್ ಶುರುವಾಗುವ ಮೊದಲೇ ಮನೆಗೆ ಕಳಿಸಿದ. ಮೂರು ಟೆಸ್ಟುಗಳಲ್ಲಿ ಆತನ ಗಳಿಕೆ 33 ರನ್. ಸರಣಿ 0-2ರಿಂದ ಸೋತೆವು.

ಇಷ್ಟು ಓದುವಾಗಲೇ ಕಾಕಾ ಅವರಿಗೆ ಉತ್ತರ ಸಿಕ್ಕಿದ್ದು. 1911ರಲ್ಲಿ ಪಟಿಯಾಲ ಮಹಾರಾಜರ ಜೊತೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ಒಬ್ಬರಿದ್ದರು, ಪಾಲ್ವಂಕರ್ ಬಾಳೂ. ಅವರು ಹುಟ್ಟಿದ್ದು ಎಲ್ಲಿ ಗೊತ್ತೇ? ನಮ್ಮ ಧಾರವಾಡದಲ್ಲಿ, 1876ರಲ್ಲಿ! ಅಲ್ಲೇ ಓದಿ ಬೆಳೆದ ನನಗೆ ಶಾಲೆಯಲ್ಲಿ ಯಾರೂ ಈ ಹೆಸರು ಹೇಳಲಿಲ್ಲ.

ಬಾಳೂ ಚಮ್ಮಾರ ಜಾತಿಯವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತಾ, ಅವರಿಗೆ ಬೌಲಿಂಗ್ ಮಾಡುತ್ತಾ ಕಲಿತವರು. ಹಿಂದೂ ತಂಡಕ್ಕೆ ಅವರ ಚೆಂಡು ಬೇಕಿತ್ತು, ಸೇರಿಸಿಕೊಂಡರು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ, 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಒಬ್ಬರನ್ನು ಹುಟ್ಟು ಮೇಲೆ ಕೂರಿಸಿತು, ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿತು. ಎರಡೂ ಒಂದೇ ಕಾಯಿಲೆ.

ಆ ಕಾಯಿಲೆಗೆ ನಮ್ಮ ನಾಸಿಕ್ ಕೂಡ ಸಾಕ್ಷಿ. ಇಲ್ಲಿನ ಪಂಚವಟಿಯ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಡಾ. ಅಂಬೇಡ್ಕರ್ ನೇತೃತ್ವದ ಸತ್ಯಾಗ್ರಹ ಶುರುವಾದದ್ದು 1930ರ ಮಾರ್ಚ್ 2ರಂದು. ಲಾರ್ಡ್ಸ್‌ನಲ್ಲಿ ನಾಯ್ಡು ಟಾಸ್‌ಗೆ ನಡೆದ ದಿನವೂ ಆ ಬಾಗಿಲು ದಲಿತರಿಗೆ ತೆರೆದಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 24ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ನಮ್ಮ ಬಾಳೂ ಕೂಡ ಒಬ್ಬರು.

ಮಗಳ ಮನೆ ಛತ್ರಪತಿ ಸಂಭಾಜಿನಗರದಲ್ಲಿ, ನನ್ನ ಬಾಯಲ್ಲಿ ಇನ್ನೂ ಔರಂಗಾಬಾದ್. ಕಳೆದ ವಾರ ಎಸ್ಟಿ ಬಸ್ಸಿನಲ್ಲಿ ಅಲ್ಲಿಗೆ ಹೊರಟಿದ್ದೆ. ದಾರಿಯಲ್ಲಿ ಯೇವಲಾ ಬರುತ್ತದೆ, ಪೈಠಣಿ ಸೀರೆಯ ಊರು. ಹಿಂದೂವಾಗಿ ಸಾಯುವುದಿಲ್ಲ ಎಂದು 1935ರ ಅಕ್ಟೋಬರ್ 13ರಂದು ಅಂಬೇಡ್ಕರ್ ಘೋಷಿಸಿದ್ದು ಇಲ್ಲೇ. ಎಷ್ಟು ಸಲ ಈ ದಾರಿಯಲ್ಲಿ ತೂಕಡಿಸುತ್ತಾ ಹೋಗಿದ್ದೇನೋ. ಈ ಸಲ ನಿದ್ದೆ ಬರಲಿಲ್ಲ.

ಕಾರಣ ಹೇಳಿಬಿಡುತ್ತೇನೆ. ಧಾರವಾಡದ ನಮ್ಮ ಮನೆಯ ಹಿತ್ತಲ ಗೂಡಿನಲ್ಲಿ ಒಂದು ಕಪ್ಪು-ಬಸಿ ಇರುತ್ತಿತ್ತು. ಕಟ್ಟಿಗೆ ಒಡೆಯಲು ಬರುತ್ತಿದ್ದವನಿಗೆ ಅದರಲ್ಲೇ ಚಹಾ. ಕುಡಿದು ತಾನೇ ತೊಳೆದು ಗೂಡಿನಲ್ಲಿಟ್ಟು ಹೋಗುತ್ತಿದ್ದ. ಹುಡುಗನಾಗಿದ್ದ ನಾನು ಎಷ್ಟೋ ಸಲ ಮೇಲಿನಿಂದ ಚಹಾ ಸುರಿದಿದ್ದೇನೆ, ಕಪ್ಪಿಗೆ ಕೈ ತಾಗದಂತೆ. ಅವನ ಹೆಸರು ಈಗ ನೆನಪಿಲ್ಲ. ಲಾರ್ಡ್ಸ್‌ನ ಸ್ಕೋರು ನೆನಪಿದೆ.

ವಾಪಸ್ ಬಂದು ಕಾಕಾ ಅವರಿಗೆ ಬಾಳೂ ಕತೆ ಹೇಳಿದೆ. ಗೆದ್ದೆ ಎಂದು ಬೀಗುವ ಆಸೆಯೇನೋ ಇತ್ತು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಕುಡಿಕೆ ಕೊಟ್ಟವರು ನಮ್ಮ ಪುಣೆಯವರು, ಅಣ್ಣಾ." ನಾನು ಕಪ್ಪು-ಬಸಿಯ ಮಾತು ಹೇಳಿದೆ. ಅವತ್ತು ಇಬ್ಬರೂ ಗೆಲ್ಲಲಿಲ್ಲ.