ಚಂದನವೋ ಅಗರುವೋ: ಕಲ್ಯಾಣದ ರೇವಿನ ಎರಡು ಸುಗಂಧಗಳು

ಥಾಣೆ, ಡೊಂಬಿವಲಿಗಳಾಚೆ ಉಲ್ಹಾಸ್ ನದಿಯ ದಡದಲ್ಲಿರುವ ಕಲ್ಯಾಣ 6ನೆಯ ಶತಮಾನದಲ್ಲೇ ಹೆಸರಾದ ರೇವುಪಟ್ಟಣ. ಬೀದರ್ ಜಿಲ್ಲೆಯಲ್ಲಿರುವ ಚಾಲುಕ್ಯರ ಕಲ್ಯಾಣ ಬೇರೆ. ಪೂರ್ವದೇಶಗಳಿಂದ ಸಿಂಹಳಕ್ಕೆ ಬಂದ ರೇಷ್ಮೆ, ಅಗರು, ಲವಂಗ, ಚಂದನಗಳು ಅಲ್ಲಿಂದ ಮಲಬಾರಿಗೂ ಈ ಕಲ್ಯಾಣಕ್ಕೂ ಸಾಗುತ್ತಿದ್ದವೆಂದು ಆ ಕಾಲದ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್ ಬರೆದಿದ್ದಾನೆ. ಎರಡು ಪರಿಮಳದ ಮರಗಳೂ ಒಂದೇ ಹಾದಿಯಲ್ಲಿ ಬರುತ್ತಿದ್ದವು.

ಅವುಗಳ ಹುಟ್ಟು ಮಾತ್ರ ತೀರ ಬೇರೆ. ಶ್ರೀಗಂಧದ ಮರ ನೆರೆಯ ಗಿಡಗಳ ಬೇರಿನಿಂದ ಆಹಾರ ಹೀರಿ ನಿಧಾನವಾಗಿ ಬಲಿಯುತ್ತದೆ. ಪರಿಮಳವಿರುವುದು ಅದರ ಚೇಗಿನಲ್ಲಿ, ಬೇರಿನಲ್ಲಿ. ಅಸ್ಸಾಮಿನ ಕಡೆ ಬೆಳೆಯುವ ಅಗರು ಮರಕ್ಕೆ ಆರೋಗ್ಯವಾಗಿದ್ದಾಗ ಸುವಾಸನೆಯೇ ಇಲ್ಲ. ಗಾಯವಾಗಿ ಶಿಲೀಂಧ್ರ ತಗುಲಿದರೆ ಕಪ್ಪನೆಯ ರಾಳ ಕಟ್ಟಿಕೊಳ್ಳುತ್ತದೆ. ಬೆಲೆಯೆಲ್ಲ ಆ ರಾಳಕ್ಕೆ. ಎಲ್ಲ ಮರಗಳಲ್ಲೂ ಅದು ಸಿಗದ ಕಾರಣ ಅಗರು ಸದಾ ದುಬಾರಿ.

ಕೊಳ್ಳುವವರು ಇವೆರಡನ್ನು ಹೇಗೆ ಪರೀಕ್ಷಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಬಿಡಿಸಿ ಹೇಳುತ್ತದೆ. ಒಳ್ಳೆಯ ಚಂದನ ಹಗುರ, ತುಪ್ಪದಂತೆ ನುಣುಪು. ಚರ್ಮಕ್ಕೆ ಇಳಿಯುತ್ತದೆ, ಮೂಗಿಗೆ ಅಡರುವುದಿಲ್ಲ, ಬೇಗೆಯನ್ನು ಹೀರುತ್ತದೆ. ಒಳ್ಳೆಯ ಅಗರು ಭಾರ. ಅದರ ಪರಿಮಳ ದೂರಕ್ಕೆ ಹರಡುತ್ತದೆ, ಬೆಂಕಿಯನ್ನೂ ಉಜ್ಜುವಿಕೆಯನ್ನೂ ತಾಳುತ್ತದೆ. ಒಂದು ಮೈಗೆ ಹಚ್ಚುವ ವಸ್ತು, ಇನ್ನೊಂದು ಹೆಚ್ಚಾಗಿ ಧೂಪದ್ದು. ಚರಕಸಂಹಿತೆಯ ಋತುಚರ್ಯೆಯಲ್ಲಿ ಬೇಸಗೆಗೆ ಚಂದನದ ಲೇಪ, ಹೇಮಂತಕ್ಕೆ ಅಗರಿನ ದಪ್ಪ ಲೇಪ. ಯಾವುದು ಮೇಲೆಂಬ ಪ್ರಶ್ನೆಗಿಂತ ಯಾವ ಕಾಲಕ್ಕೆ, ಯಾವ ಬಳಕೆಗೆ ಎಂಬ ಈ ವಿವೇಕವೇ ಹೆಚ್ಚು ಬೆಲೆಯುಳ್ಳದ್ದು.

ಮುಂದೆ ಕಲ್ಯಾಣದ ನೆರೆಯ ಥಾಣೆ ಉತ್ತರ ಕೊಂಕಣದ ಶಿಲಾಹಾರ ಅರಸರ ನೆಲೆಯಾಯಿತು. ಅವರು ಮೊದಲು ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಗಳ ಅವರ ಕಾಲದ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. 12ನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಲೇಪನ, ಧೂಪಗಳನ್ನು ಅರಸನ ಭೋಗಗಳಲ್ಲಿ ಎಣಿಸಿತು. ಥಾಣೆಯಲ್ಲಿ ಕಂದು ಬಣ್ಣದ ಧೂಪ ಹೇರಳವೆಂದು ಮಾರ್ಕೊ ಪೋಲೊ ಬರೆದ.

ಚಂದನ, ಅಗರುಗಳ ಈ ಹೋಲಿಕೆಯನ್ನು ಬಹಳ ಮಟ್ಟಿಗೆ ಬದಲಿಸಿದ್ದು ಮೈಸೂರು. ಅಲ್ಲಿನ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗಿ ಎಣ್ಣೆಯಾಗುತ್ತಿದ್ದವು. ಮೊದಲ ಮಹಾಯುದ್ಧ ಆ ದಾರಿಯನ್ನು ಮುಚ್ಚಿದಾಗ ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ತಾನೇ ಎಣ್ಣೆ ಇಳಿಸತೊಡಗಿತು. ಚಂದನ ಸೀಸೆಯಲ್ಲಿ, ಸಾಬೂನಿನಲ್ಲಿ ಸಾಮಾನ್ಯರ ಮನೆ ಸೇರಿತು. ಅಗರು ಊದ್ ಎಂಬ ಹೆಸರಿನಲ್ಲಿ ಅರಬ್ಬರ ಮೆಚ್ಚಿನ ಸರಕಾಗಿಯೇ ಉಳಿಯಿತು. ಕಾಡಿನ ಮರ ಕ್ಷೀಣಿಸಿದ್ದರಿಂದ 1995ರಿಂದ ಅಸ್ಸಾಮಿನ ಅಗರು ಜಾತಿಯ ವ್ಯಾಪಾರ ಅಂತರರಾಷ್ಟ್ರೀಯ ನಿಯಂತ್ರಣದಲ್ಲಿದೆ.